ಹವಾಲ್ದಾರ್ ಮೇಷ್ಟ್ರ ಮನೆ

ಗಂಡನಿಗೆ ಮೇಷ್ಟ್ರ ಕೆಲಸದ ಆರ್ಡರು ಬಂದ ದಿನ ಮನೆಯಲ್ಲಿ ಸಂತೋಷಪಡದೆ ಉಳಿದವಳು ರಂಗಲಕ್ಷ್ಮಮ್ಮ ಒಬ್ಬಳೇ. ಮಾವ ಕಾಳಯ್ಯನಿಗೆ ಓದು ಬರುತ್ತಿರಲಿಲ್ಲ. ಆದರೂ ಆ ಕಾಗದವನ್ನು ಹಿಡಿದು ಕಡಬದ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರಿಗೂ ತೋರಿಸಿಕೊಂಡು ಬಂದ. ಒಂಬತ್ತು ವರ್ಷದ ಮೊಮ್ಮಗಳು ಪುಟ್ಟತಾಯಿ ಅವನ ಹಿಂದೆ ಹಿಂದೆಯೇ ಓಡಾಡಿದಳು. ಆರ್ಡರು ಯಾರ ಹೆಸರಿಗೆ ಬಂದಿತ್ತೋ ಆ ಅಂಜಿನಪ್ಪ ಮಾತ್ರ ಜಗಲಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು ಬೂಟಿಗೆ ಪಾಲಿಶು ತಿಕ್ಕುತ್ತಿದ್ದ. ಅದು ಅರವತ್ತನಾಲ್ಕನೇ ಇಸವಿಯ ಜೂನ್ ತಿಂಗಳು.

ಹದಿನೇಳು ವರ್ಷ ಮಿಲಿಟರಿಯಲ್ಲಿದ್ದು, ಹವಾಲ್ದಾರನಾಗಿ ಪೆನ್ಷನ್ ತೆಗೆದುಕೊಂಡು ಬಂದವನು ಅವನು. ಬಂದು ಒಂದು ವರ್ಷ ಮನೆಯಲ್ಲಿ ಕೂತ. ಪೆನ್ಷನ್ನಿನ ದುಡ್ಡು ಉಪ್ಪಿಗೆ ಆದರೆ ಎಣ್ಣೆಗೆ ಸಾಲದು. ತುಮಕೂರಿನಲ್ಲಿ ಮಾಜಿ ಸೈನಿಕರಿಗೆ ಕೆಲಸ ಹುಡುಕಿಕೊಡುವ ಬೋರ್ಡೊಂದಿತ್ತು. ಅಲ್ಲಿನ ಗುಮಾಸ್ತ ಪರಮಶಿವಯ್ಯ ತಾನೂ ಒಂದು ಕಾಲಕ್ಕೆ ಸಿಪಾಯಿಯಾಗಿದ್ದವನು. ಅಂಜಿನಪ್ಪನ ಕಾಗದಗಳನ್ನೆಲ್ಲ ತಿರುವಿ ನೋಡಿ, "ಬೆಂಗಳೂರಲ್ಲಿ ಹೊಸ ಸಿಪಾಯಿಗಳಿಗೆ ಆರು ವರ್ಷ ಡ್ರಿಲ್ ಹೇಳಿಕೊಟ್ಟಿದೀಯ. ಹಳ್ಳಿಗಳಲ್ಲಿ ಶಾಲೆ ತೆಗೀತಾ ಇದ್ದಾರೆ, ಮೇಷ್ಟ್ರು ಸಿಕ್ತಾ ಇಲ್ಲ. ಹೋಗಿ ನಿಂತ್ಕೋ," ಎಂದು ಅರ್ಜಿ ಬರೆಸಿದ್ದ. ಅರ್ಜಿ ಫಲ ಕೊಟ್ಟಿತ್ತು. ಕಡಬದಿಂದ ಎರಡು ಮೈಲಿ ದೂರದ ಸಂಪಿಗೆಕಟ್ಟೆಯ ಶಾಲೆಗೆ ಅವನು ಎರಡನೇ ಮೇಷ್ಟ್ರು. ಟ್ರೈನಿಂಗು ಆಗಿಲ್ಲವಾದ್ದರಿಂದ ಸದ್ಯಕ್ಕೆ ಟೆಂಪೊರರಿ.

ರಂಗಲಕ್ಷ್ಮಮ್ಮ ಹೆದರಿದ್ದು ಅವನ ಕೈಗೆ. ಹಿಂದಿನ ದೀಪಾವಳಿಯ ಹೊತ್ತಿಗೆ ಪುಟ್ಟತಾಯಿ ಬಳಪ ಚೂಪು ಮಾಡಲು ಅಪ್ಪನ ಶೇವಿಂಗ್ ಬ್ಲೇಡು ತೆಗೆದುಕೊಂಡಿದ್ದಳು. ಅವನು ಹೊಡೆದದ್ದು ಒಂದೇ ಏಟು. ಮಗು ಹೋಗಿ ಒರಳುಕಲ್ಲಿನ ಪಕ್ಕಕ್ಕೆ ಬಿತ್ತು. ನಾಲ್ಕು ದಿನ ಬಲಗಿವಿ ಕೇಳಿಸಲಿಲ್ಲ, ಗುಬ್ಬಿಗೆ ಎತ್ತಿಕೊಂಡು ಹೋಗಿ ಔಷಧಿ ಹಾಕಿಸಬೇಕಾಯಿತು. ಅಂಜಿನಪ್ಪ ಎರಡು ದಿನ ಅನ್ನ ಮುಟ್ಟಲಿಲ್ಲ. ಕಿವಿ ಸರಿಹೋಯಿತು. ಆದರೆ ಅಂದಿನಿಂದ ಹುಡುಗಿ ಅಪ್ಪ ಬಾ ಅಂದರೆ ಬರುತ್ತಿದ್ದಳು, ಹೋಗು ಅಂದರೆ ಹೋಗುತ್ತಿದ್ದಳು, ತಾನಾಗಿ ಒಂದು ಮಾತು ಆಡುತ್ತಿರಲಿಲ್ಲ. ಅವನು ಅದನ್ನು ಶಿಸ್ತು ಅಂದುಕೊಂಡ. ಗಂಡಸರಿಗೆ ಕೆಲವು ವಿಷಯಗಳು ತಡವಾಗಿ ಕಾಣುತ್ತವೆ, ಕೆಲವು ಕಾಣುವುದೇ ಇಲ್ಲ.

ಶಾಲೆಗೆ ಹೊರಡುವ ದಿನ ರಂಗಲಕ್ಷ್ಮಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಆಣೆ ಮಾಡಿ ಹೋಗಿ."

"ಎಂಥಾ ಆಣೆ?"

"ಶಾಲೆ ಮಕ್ಕಳ ಮೇಲೆ ಕೈ ಎತ್ತಲ್ಲ, ಕೋಲು ಮುಟ್ಟಲ್ಲ ಅಂತ. ಇವಳ ತಲೆ ಮೇಲೆ ಕೈ ಇಟ್ಟು ಹೇಳಿ."

ಒಳಗಿನಿಂದ ಕಾಳಯ್ಯ ಕೆಮ್ಮಿದ. "ಏನವ್ವ ನಿಂದು? ಏಟಿಲ್ದೆ ವಿದ್ಯೆ ಬಂದದ್ದುಂಟಾ? ದಂಡಂ ದಶಗುಣಂ ಅಂದವ್ರೆ ದೊಡ್ಡೋರು. ಮೇಷ್ಟ್ರ ಕೈಯಾಗೆ ಕೋಲಿಲ್ದಿದ್ರೆ ಮೂಗು ಸುರಿಸೋ ಐಕ್ಳೂ ಕ್ಯಾರೆ ಅನ್ನಕಿಲ್ಲ."

"ಬೇರೆ ಮೇಷ್ಟ್ರು ಹೊಡೀಲಿ ಮಾವ. ಇವರ ಏಟು ಬೇರೆ."

ಅಂಜಿನಪ್ಪ ಹೆಂಡತಿಯ ಮುಖ ನೋಡಿದ. ಆಮೇಲೆ ಮಗಳ ತಲೆಯ ಮೇಲೆ ಕೈಯಿಟ್ಟು, ಒಂದೊಂದೇ ಮಾತು ಬಿಡಿಸಿ, ಕವಾಯತಿನ ದನಿಯಲ್ಲಿ ಆಣೆ ಮಾಡಿದ. ಆ ಕೈ ತಲೆಯ ಮೇಲಿದ್ದಷ್ಟು ಹೊತ್ತೂ ಪುಟ್ಟತಾಯಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಅದು ತಾಯಿಗೆ ಕಾಣಿಸಿತು. ಹುಡುಗಿಯನ್ನೂ ಅದೇ ಶಾಲೆಗೆ, ಅಪ್ಪನೇ ಪಾಠ ಹೇಳುವ ಮೂರನೇ ಕ್ಲಾಸಿಗೆ ಸೇರಿಸಿದರು. ದಿನಾ ಬೆಳಿಗ್ಗೆ ಅಪ್ಪ ಮುಂದೆ, ಮಗಳು ಹತ್ತು ಹೆಜ್ಜೆ ಹಿಂದೆ, ಕೆರೆ ಏರಿಯ ಮೇಲೆ ನಡೆದು ಹೋಗುತ್ತಿದ್ದರು.

ಸಂಪಿಗೆಕಟ್ಟೆಯ ಶಾಲೆ ಒಂದು ತಿಂಗಳಲ್ಲಿ ಬದಲಾಯಿತು. ಮಕ್ಕಳು ಸಾಲಾಗಿ ನಿಂತರು, ಉಗುರು ಕತ್ತರಿಸಿಕೊಂಡರು, ಗಂಟೆ ಹೊಡೆಯುವ ಮುಂಚೆಯೇ ಬಂದರು. ಹೆಡ್‌ಮಾಸ್ಟರ್ ಅನಂತರಾಮಯ್ಯನವರಿಗೆ ಇನ್ನು ಮೂರು ವರ್ಷಕ್ಕೆ ರಿಟೈರು. ಇಷ್ಟು ವರ್ಷ ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿದ್ದವರು ಈಗ ಕುರ್ಚಿಯಲ್ಲಿ ಒರಗಿ ನಶ್ಯ ಏರಿಸುತ್ತಾ, "ನಮ್ಮ ಹವಾಲ್ದಾರ್ ಮೇಷ್ಟ್ರು ಒಂದು ಏಟು ಹಾಕದೆ ಹುಲಿಗಳನ್ನ ಹಸು ಮಾಡಿದ್ದಾರೆ," ಎಂದು ಹೋದಲ್ಲಿ ಬಂದಲ್ಲಿ ಹೇಳಿದರು.

ಒಂದು ಸಂಜೆ ಪುಟ್ಟತಾಯಿ ತಾತನ ಪಕ್ಕ ಕೂತು ಮೆಲ್ಲಗೆ ಹೇಳಿದಳು, "ಇವತ್ತು ಮೂರು ಜನಕ್ಕೆ ಪಿಟ್ಟು ಆಯ್ತು ತಾತ."

"ಅದೇನವ್ವ ಪಿಟ್ಟು?"

"ಎಲ್ರ ಸ್ಲೇಟೂ ಚೀಲಕ್ಕೆ ತುಂಬ್ತಾರೆ. ಅದನ್ನ ಬೆನ್ನಿಗೆ ಕಟ್ಕೊಂಡು ಶಾಲೆ ಸುತ್ತ ಓಡ್ಬೇಕು. ಲೇಟಾಗಿ ಬಂದೋರು ಆರು ಸುತ್ತು, ಶಾಲೆ ತಪ್ಪಿಸ್ದೋರು ಹತ್ತು."

ಊಟಕ್ಕೆ ಕೂತಾಗ ರಂಗಲಕ್ಷ್ಮಮ್ಮ ಗಂಡನನ್ನು ಕೇಳಿದಳು. ಅವನು ಮುದ್ದೆ ಮುರಿಯುತ್ತಾ, "ಮಿಲಿಟರೀಲಿ ನಮಗೆಲ್ಲ ಇದೇ ಶಿಕ್ಷೆ. ಬೆನ್ನ ಮೇಲೆ ಭಾರ ಹೊತ್ತು ಓಡಿದ್ರೆ ಬುದ್ಧಿ ತಾನಾಗಿ ಬರುತ್ತೆ. ಕೈ ಮುಟ್ಟಲ್ಲ, ಕೋಲು ಮುಟ್ಟಲ್ಲ. ಆಣೆ ಅಂದ್ರೆ ಆಣೆ," ಎಂದ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಯಾವುದು ಎಂದು ಅವಳಿಗೂ ಅನ್ನಿಸಿತು. ಓಡಲಿ ಬಿಡು, ಮಕ್ಕಳು ಹೇಗಿದ್ದರೂ ಓಡುತ್ತವೆ ಅಂದುಕೊಂಡಳು. ಆ ಸಂಜೆ ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡಳು. ಹಾಗೆ ಉಂಡದ್ದನ್ನು ನೆನೆದು ಮುಂದೆ ತನ್ನನ್ನು ತಾನೇ ಎಷ್ಟು ಸಲ ಬೈದುಕೊಂಡಳೋ ಲೆಕ್ಕವಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರಿತು. ಒಂದು ದಿನ ಮಧ್ಯಾಹ್ನ ಅವಳು ಬಾಗಿಲಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಾಗ ಪುಟ್ಟತಾಯಿ ಒಬ್ಬಳೇ ಬಂದಳು. ಕಾಲಲ್ಲಿ ಧೂಳು, ಕೈಯಲ್ಲಿ ಸ್ಲೇಟು ಇಲ್ಲ.

"ಯಾಕೇ, ಒಬ್ಳೇ ಬಂದೆ? ಅಪ್ಪ ಎಲ್ಲೇ?"

ಹುಡುಗಿ ಉತ್ತರ ಕೊಡದೆ ಒಳಗೆ ಹೋಗಿ ರಾಗಿ ತುಂಬಿದ ಮಣ್ಣಿನ ವಾಡೆಯ ಸಂದಿಯಲ್ಲಿ ಮುದುಡಿ ಕೂತಳು. ಕೇಳಿದರೆ ಬರೀ ತಲೆ ಅಲ್ಲಾಡಿಸಿದಳು. ಅಷ್ಟರಲ್ಲಿ ಕಾಳಯ್ಯ ಬೀದಿಯಿಂದ ಏದುಸಿರು ಬಿಡುತ್ತಾ ಬಂದ.

"ಕೆಟ್ಟೆವು ಕಣವ್ವ. ಕಾಯಿ ಸುಲಿಯೋ ಚೌಡಪ್ಪ ಇಲ್ವಾ, ಅವನ ಮಗ ಮುದ್ದ, ಲೇಟಾಗಿ ಬಂದ ಅಂತ ಚೀಲ ಹೊತ್ತು ಓಡ್ತಾ ಓಡ್ತಾ ಬಿದ್ದೋದ್ನಂತೆ. ಮೂಗಲ್ಲಿ ರಕ್ತ. ನಮ್ಮ ಅಂಜಿನಿ ಹೆಗಲ ಮೇಲೆ ಹಾಕ್ಕೊಂಡು ರಸ್ತೆಗಂಟ ಓಡಿ, ಕಾಯಿ ಲಾರಿ ಹತ್ತಿಸ್ಕೊಂಡು ಗುಬ್ಬಿ ಆಸ್ಪತ್ರೆಗೆ ಹೋದ್ನಂತೆ."

"ಜೀವ ಐತಾ ಮಾವ?"

"ಲಾರಿ ಹತ್ತುವಾಗ ಇತ್ತಂತೆ."

ಅವಳು ಕುಟ್ಟಿದ ಹುಣಸೆಹಣ್ಣನ್ನು ಹಾಗೇ ಬಿಟ್ಟು, ದೇವರ ಮುಂದೆ ಹೋಗಿ ಕೂತಳು. ಏನು ಬೇಡಿಕೊಳ್ಳುವುದೆಂದೇ ತಿಳಿಯಲಿಲ್ಲ. ಹುಡುಗ ಸತ್ತರೆ ಗಂಡ ಜೈಲಿಗೆ. ಅದಕ್ಕಿಂತ ಹೆಚ್ಚಾಗಿ, ಯಾರದೋ ಹೊಟ್ಟೆಯ ಕೂಸು ಸಾಯುವ ಹಾಗಾಗಿ, ಅದಕ್ಕೆ ತಾನು ಮಾಡಿಸಿದ ಆಣೆಯೇ ದಾರಿ ಮಾಡಿತಲ್ಲ ಎಂಬುದು ಅವಳನ್ನು ಕಿತ್ತು ತಿಂದಿತು.

ಮುದ್ದ ಮೂರು ದಿನ ಕಣ್ಣು ಬಿಡಲಿಲ್ಲ. ಜ್ವರ ಮೊದಲೇ ಇದ್ದಿರಬೇಕು, ಬಿಸಿಲಿನ ಓಟಕ್ಕೆ ನೆತ್ತಿಗೇರಿದೆ ಎಂದರು ಡಾಕ್ಟರು. ರಂಗಲಕ್ಷ್ಮಮ್ಮ ಬೆಳಗಿನ ಬಸ್ಸಿಗೆ ಗಂಜಿ, ಎಳನೀರು ತೆಗೆದುಕೊಂಡು ಗುಬ್ಬಿಗೆ ಹೋಗುವುದು, ಸಂಜೆಯ ಬಸ್ಸಿಗೆ ಬರುವುದು ಮಾಡಿದಳು. ಹುಡುಗನ ಅಜ್ಜಿ ಮಂಚದ ಪಕ್ಕ ನೆಲದಲ್ಲಿ ಕೂತಿರುತ್ತಿದ್ದಳು. ಮೊದಲ ದಿನ ಮುದುಕಿ ಇವಳ ಕಡೆ ಬೆನ್ನು ತಿರುಗಿಸಿದಳು. ಎರಡನೇ ದಿನ ಗಂಜಿಯ ಪಾತ್ರೆಯನ್ನು ಕಾಲಿಂದ ಸರಿಸಿದಳು. ಮೂರನೇ ದಿನ ಬಾಯಿ ಬಿಟ್ಟಳು.

"ಬೇರೆ ಮೇಷ್ಟ್ರಂಗೆ ನಾಕು ಬಾರಿಸಿದ್ರೆ ಆಗಿರಾದು. ಎಣ್ಣೆ ತೀಡಿ ಮಾರನೇ ದಿನ ಕಳಿಸಿರೋಳು ನಾನು. ಮಗೀಗೆ ಎತ್ತಿನಂಗೆ ಹೊರೆ ಹೊರಿಸೋದು ಯಾವೂರ ನ್ಯಾಯನವ್ವ?"

ರಂಗಲಕ್ಷ್ಮಮ್ಮ ಪಾತ್ರೆ ಎತ್ತಿಕೊಂಡಳು. ಹೊಡೆಯಬೇಡಿ ಎಂದು ಬಾಗಿಲಿಗೆ ಅಡ್ಡ ನಿಂತವಳು ತಾನೇ.

ನಾಲ್ಕನೇ ದಿನ ಹುಡುಗ ಕಣ್ಣು ಬಿಟ್ಟು ನೀರು ಕೇಳಿದ. ಸುದ್ದಿ ತಿಳಿದಾಗ ಮನೆಯವರೆಲ್ಲ ಉಸಿರು ಬಿಟ್ಟರು. ಆದರೆ ಕೂತು ಉಣ್ಣುವಷ್ಟು ಸಮಾಧಾನ ಯಾರಿಗೂ ಆಗಲಿಲ್ಲ. ಶಾಲೆಗಳ ಇನ್ಸ್‌ಪೆಕ್ಟರು ಬಂದು ವಿಚಾರಣೆ ಮಾಡುವವರೆಗೆ ಅಂಜಿನಪ್ಪ ಶಾಲೆಗೆ ಬರಕೂಡದು ಎಂದು ಹೆಡ್‌ಮಾಸ್ಟರು ಹೇಳಿ ಕಳಿಸಿದ್ದರು. ಅವನು ಮನೆಯಲ್ಲೇ ಇದ್ದ. ಐದು ಗಂಟೆಗೇ ಎದ್ದು, ಕಂಬಳಿ ಮಡಿಸಿ, ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಶರಟು ತೊಟ್ಟು ಜಗಲಿಯಲ್ಲಿ ಕೂರುತ್ತಿದ್ದ. ಬೀದಿಯಲ್ಲಿ ಹೋಗುವವರು ಆಚೆ ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಸಂಸಾರದಲ್ಲಿ ನಾಲ್ಕು ಜನ ಇದ್ದರೂ ತಟ್ಟೆ ಲೋಟದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಒಂದು ಮಧ್ಯಾಹ್ನ ಹುರುಳಿಕಾಳಿನ ಸಾರು ಬಡಿಸುವಾಗ ಅಂಜಿನಪ್ಪ ಹೇಳಿದ, "ಬೆಂಗಳೂರಲ್ಲಿ ಫ್ಯಾಕ್ಟರಿಗಳಿಗೆ ಕಾವಲಿಗೆ ಮಿಲಿಟರಿಯೋರನ್ನ ತಗೋತಾರಂತೆ. ನಾಳೆ ಹೊರಡ್ತೀನಿ."

"ಹೊರಡಪ್ಪ," ಎಂದ ಕಾಳಯ್ಯ. "ಓಡೋಗೋದು ನಿಂಗೇನು ಹೊಸದಾ? ಹದಿನೆಂಟಕ್ಕೆ ಮಿಲಿಟ್ರಿಗೆ ಓಡೋದೆ. ಈಗ ಇದಕ್ಕೆ ಓಡೋಗು. ನಿನ್ನ ಹೆಂಡ್ತಿ ಆಸ್ಪತ್ರೇಲಿ ಕಾಲಲ್ಲಿ ಒದೆಸ್ಕೊಳ್ಳಲಿ."

"ಇನ್ನೇನು ಮಾಡ್ಲಿ? ಇಲ್ಲಿದ್ರೆ ನಿಮಗೂ ಅವಮಾನ."

"ಅವಮಾನ ಅಂದ್ರೆ ಏನು ಅಂತ ಗೊತ್ತೇನ್ಲಾ ನಿಂಗೆ? ವಿಚಾರಣೆ ಮುಂದೆ ನಿಂತ್ಕೊಳ್ಳೋನು ಗಂಡಸು."

ಅಂಜಿನಪ್ಪ ತಟ್ಟೆ ಸರಿಸಿ ಎದ್ದ. ಆ ಸದ್ದಿಗೆ ಪುಟ್ಟತಾಯಿ ಕೂತಲ್ಲೇ ಹಿಂದಕ್ಕೆ ಸರಿದು ಗೋಡೆಗೆ ಅಂಟಿಕೊಂಡಳು. ಅವನು ಅದನ್ನು ನೋಡಿದ. ಕೈ ತೊಳೆದುಕೊಂಡು ಹೊರಗೆ ಹೋದ. ಬೆಂಗಳೂರಿಗೆ ಹೋಗಲಿಲ್ಲ.

ಎರಡನೇ ವಾರ ಕುಣಿಗಲ್ಲಿನಿಂದ ರಂಗಲಕ್ಷ್ಮಮ್ಮನ ಅಣ್ಣ ವೆಂಕಟಯ್ಯ ಬಂದ. ಸುದ್ದಿ ಅಲ್ಲಿಗೂ ಮುಟ್ಟಿತ್ತು. ಹಿತ್ತಿಲಲ್ಲಿ ತಂಗಿಯನ್ನು ನಿಲ್ಲಿಸಿಕೊಂಡು ದನಿ ತಗ್ಗಿಸಿದ.

"ಮಗೀನ ಕರ್ಕೊಂಡು ಬಂದ್ಬುಡು. ಇವತ್ತು ಊರ ಮಗ, ನಾಳೆ ಮನೆ ಮಗಳು. ಹಿಂದೆ ಕಿವಿಗೆ ಹೊಡೆದದ್ದು ನಂಗೆ ಗೊತ್ತಿಲ್ಲ ಅಂದ್ಕೊಂಡಾ?"

"ಇನ್ಸ್‌ಪೆಕ್ಟ್ರು ಬಂದೋಗ್ಲಿ ಅಣ್ಣ."

"ಬಂದೋಗೋವರ್ಗೂ ಧೈರ್ಯವಾಗಿರ್ತೀಯಾ?"

"ಧೈರ್ಯ ಎಲ್ಲೈತಣ್ಣ," ಎಂದಳು ಅವಳು. ಅಣ್ಣ ಬರಿಗೈಯಲ್ಲಿ ಹೋದ. ತನ್ನ ಮನೆಯ ಬಾಗಿಲು ಮಾತ್ರ ತೆರೆದಿದೆ ಎಂದು ಎರಡು ಸಲ ಹೇಳಿ ಹೋದ.

ಆ ಶನಿವಾರ ಅನಂತರಾಮಯ್ಯನವರು ಮನೆಗೆ ಬಂದರು. ಜಗಲಿಯಲ್ಲಿ ಕೂತು, ಮಜ್ಜಿಗೆ ಕುಡಿದು, ಮೇಲುವಸ್ತ್ರದಿಂದ ಗಾಳಿ ಬೀಸಿಕೊಂಡರು. ಅವರಿಗೂ ಹೆದರಿಕೆಯಿತ್ತು. ಆ ಚೀಲದ ಶಿಕ್ಷೆಯನ್ನು ಊರೆಲ್ಲ ಹೊಗಳಿದವರು ಅವರೇ ಅಲ್ಲವೇ.

"ಸೋಮವಾರ ಸಾಹೇಬರು ಬರ್ತಾರೆ, ಅಂಜಿನಪ್ಪನವರೇ. ಅವರು ಕೇಳೋದು ಮುಖ್ಯವಾಗಿ ಒಂದೇ. ಹುಡುಗನಿಗೆ ಜ್ವರ ಇದ್ದದ್ದು ನಿಮಗೆ ಗೊತ್ತಿತ್ತೇ? ಇಲ್ಲ, ಯಾರೂ ಹೇಳಲಿಲ್ಲ ಅಂದರೆ ಅಲ್ಲಿಗೆ ಆಯ್ತು. ಅಚಾತುರ್ಯ ಅಂತ ಬರೀತಾರೆ. ಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ಕೇಳ್ತಾರೆ. ನಿಮ್ಮ ಹುಡುಗೀನೂ ಕರೀತಾರೆ. ಮುದ್ದ ಯಾರ ಹತ್ರಾನೂ ಜ್ವರದ ಮಾತು ಎತ್ತಲಿಲ್ಲ ಅಂತ ಅವಳು ಹೇಳಿದರೆ ಸಾಕು."

"ನಿಜವಾಗಿಯೂ ಯಾರೂ ಹೇಳ್ಲಿಲ್ಲ ಸಾರ್," ಎಂದ ಅಂಜಿನಪ್ಪ.

ಬಾಗಿಲ ಹಿಂದೆ ಏನೋ ಉರುಳಿದ ಸದ್ದಾಯಿತು. ಪುಟ್ಟತಾಯಿ ಕೈಯಲ್ಲಿದ್ದ ಚೊಂಬು ಬಿಟ್ಟು ಹಿತ್ತಿಲಿಗೆ ಓಡಿದ್ದಳು. ರಂಗಲಕ್ಷ್ಮಮ್ಮ ಹಿಂದೆಯೇ ಹೋದಳು. ಹುಡುಗಿ ಹುಲ್ಲಿನ ಮೆದೆಯ ಮರೆಯಲ್ಲಿ ನಿಂತು ನಡುಗುತ್ತಿದ್ದಳು.

"ಅವ್ವ, ಅವನು ನಂಗೆ ಹೇಳಿದ್ದ."

"ಯಾರು?"

"ಮುದ್ದ. ಬೆಳಿಗ್ಗೆ ಲೇಟಾಗಿ ಬಂದು ಶಾಲೆ ಬಾಗಿಲ ಹತ್ರ ನಿಂತಿದ್ದ. ಮೂರು ದಿನದಿಂದ ಜ್ವರ ಕಣೇ, ಮನೇಲೇ ಇದ್ರೆ ಹತ್ತು ಸುತ್ತು ಅಂತ ಬಂದೆ, ನಿಮ್ಮಪ್ಪಂಗೆ ಹೇಳೇ ಅಂದ. ಹೂಂ ಅಂದೆ."

"ಹೇಳ್ಲಿಲ್ವಾ?"

"ಹೋಗಿ ನಿಂತೆ ಅವ್ವ. ಅಪ್ಪ ಏನು ಅಂತ ಕೇಳ್ದ. ಏನಿಲ್ಲ ಸಾರ್ ಅಂದ್ಬುಟ್ಟೆ. ಭಯ ಆಯ್ತು."

ಮಗಳನ್ನು ಅಪ್ಪಿಕೊಂಡು ರಂಗಲಕ್ಷ್ಮಮ್ಮ ಅಲ್ಲೇ ಕೂತುಬಿಟ್ಟಳು. ಎರಡು ವಾರದಿಂದ ಈ ಪುಟ್ಟ ಎದೆ ಇದನ್ನು ಹೊತ್ತುಕೊಂಡಿತ್ತು. ಸೋಮವಾರ ಸಾಹೇಬರ ಮುಂದೆ ಇವಳು ನಿಂತು ಸುಳ್ಳು ಹೇಳಬೇಕು, ಇಲ್ಲವೇ ಅಪ್ಪನ ಎದುರಿಗೇ ನಿಜ ಹೇಳಬೇಕು. ಸುಳ್ಳು ಹೇಳಿದರೆ ಮುದ್ದನ ಮುಖವನ್ನು ಜನ್ಮದಲ್ಲಿ ನೋಡಲಾರಳು. ನಿಜ ಹೇಳಿದರೆ ಕೆಲಸ ಹೋದದ್ದು ನಿನ್ನಿಂದ ಎಂದು ಗಂಡ ಮಗುವಿನ ಮೇಲೆ ಬಿದ್ದರೆ?

ಕಾಳಯ್ಯನಿಗೆ ಹೇಳಿದಳು. ಮುದುಕ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದ.

"ಬಾಯಿ ಮುಚ್ಕೊಂಡಿರು," ಎಂದ. "ಹುಡುಗ ಬದುಕ್ದ. ಅನ್ನ ಉಳೀಲಿ. ಐಕ್ಳು ಮರೀತವೆ."

"ಇವಳು ಕಿವಿ ಏಟನ್ನೇ ಮರೆತಿಲ್ಲ ಮಾವ."

ಮುದುಕ ಎಲೆ ಅಡಿಕೆ ಚೀಲ ಕಟ್ಟಿಕೊಂಡು ಎದ್ದು ಹೋದ.

ಭಾನುವಾರ ಬೆಳಿಗ್ಗೆ ಅವಳು ಮಗಳ ಎರಡು ಲಂಗ, ಒಂದು ಬಾಚಣಿಗೆ, ನಾಲ್ಕು ರೊಟ್ಟಿ ಚೀಲಕ್ಕೆ ಹಾಕಿ ಬಾಗಿಲ ಹಿಂದೆ ಇಟ್ಟಳು. ಕುಣಿಗಲ್ಲಿಗೆ ಹೋಗಬೇಕೆಂದರೆ ಒಂಬತ್ತು ಗಂಟೆಯ ಬಸ್ಸು. ಆದರೆ ಹೇಳದೆ ಹೋದರೆ ಈ ಹೆದರಿಕೆ ಕುಣಿಗಲ್ಲಿಗೂ ಜೊತೆಯಲ್ಲೇ ಬರುತ್ತದೆ ಅನ್ನಿಸಿತು. ಹಿತ್ತಿಲಿಗೆ ಹೋದಳು. ಅಂಜಿನಪ್ಪ ಸೌದೆ ಒಡೆಯುತ್ತಿದ್ದ. ಕೈಯಲ್ಲಿ ಕೊಡಲಿ ಇತ್ತು. ಅವಳು ಅಲ್ಲೇ ದೂರದಲ್ಲಿ ನಿಂತು, ನಿಲ್ಲಿಸಿದರೆ ಮುಂದೆ ಬರುವುದಿಲ್ಲವೇನೋ ಎಂಬಂತೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು.

ಅವನು ಕೊಡಲಿಯನ್ನು ಕೊರಡಿನ ಮೇಲೆ ಇಟ್ಟ.

"ನಂಗೆ ಹೇಳು ಅಂತ ಕೇಳ್ಕೊಂಡ್ನಾ ಹುಡುಗ?"

"ಹೂಂ."

"ಇವಳು ಬಂದು ನಿಂತದ್ದು ನೆನಪೈತೆ. ಏನಿಲ್ಲ ಸಾರ್ ಅಂದ್ಲು. ಯಾಕೆ ಹೇಳ್ಲಿಲ್ಲ?"

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಹೇಳು ರಂಗಿ."

"ನಿಮ್ಮನ್ನ ಕಂಡ್ರೆ ಭಯ. ಅವಳಿಗೆ ಮಾತ್ರ ಅಲ್ಲ. ನಂಗೂನೂವೆ. ಈಗ್ಲೂ ಇಷ್ಟು ದೂರದಲ್ಲಿ ನಿಂತು ಯಾಕೆ ಮಾತಾಡ್ತಿದೀನಿ ಅಂದ್ಕೊಂಡ್ರಿ?"

ಅಂಜಿನಪ್ಪ ಸೌದೆಯ ರಾಶಿಯ ಮೇಲೆ ಕುಸಿದು ಕೂತ. ಹದಿಮೂರು ವರ್ಷದ ಸಂಸಾರದಲ್ಲಿ ಆ ಬೆನ್ನು ಬಗ್ಗಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ನಾನು ಆಣೆ ಮುರೀಲಿಲ್ವಲ್ಲೇ," ಎಂದ.

"ಇಲ್ಲ. ಮುರೀಲಿಲ್ಲ," ಎಂದಳು ಅವಳು. ಹೇಳುತ್ತಾ ಅವಳಿಗೇ ಅಳು ಬಂತು.

ಒಂಬತ್ತು ಗಂಟೆಯ ಬಸ್ಸು ಹೋಯಿತು. ಅವಳು ಹತ್ತಲಿಲ್ಲ. ಹತ್ತದೆ ಉಳಿದದ್ದು ಸರಿಯೋ ತಪ್ಪೋ ಎಂದು ರಾತ್ರಿಯವರೆಗೂ ತಿಳಿಯಲಿಲ್ಲ, ಯಾಕೆಂದರೆ ಅವನು ಆಮೇಲೆ ಒಂದು ಮಾತೂ ಆಡಲಿಲ್ಲ. ಮಗಳನ್ನು ಕರೆಯಲೂ ಇಲ್ಲ, ಬೈಯಲೂ ಇಲ್ಲ. ಅವಳು ಮಗಳನ್ನು ತನ್ನ ಸೆರಗಿಗೆ ಕಟ್ಟಿಕೊಂಡೇ ಕೆಲಸ ಮಾಡಿದಳು.

ಸೋಮವಾರ ಮಗಳ ಕೈ ಹಿಡಿದುಕೊಂಡು ಅವಳೂ ಸಂಪಿಗೆಕಟ್ಟೆಗೆ ಹೋದಳು. ಶಾಲೆಯ ಪಡಸಾಲೆಯಲ್ಲಿ ಮೇಜು ಹಾಕಿ ಇನ್ಸ್‌ಪೆಕ್ಟರು ಕೂತಿದ್ದರು. ಪಕ್ಕದಲ್ಲಿ ಅನಂತರಾಮಯ್ಯನವರು. ಒಂದು ಬದಿಗೆ ಚೌಡಪ್ಪ ತಲೆವಸ್ತ್ರ ಬಿಚ್ಚಿ ಕಂಕುಳಲ್ಲಿಟ್ಟು ನಿಂತಿದ್ದ. ತುಮಕೂರಿನಿಂದ ಪರಮಶಿವಯ್ಯನೂ ಬಂದಿದ್ದ. ಕೆಲಸ ಕೊಡಿಸಿದ ಬೋರ್ಡಿಗೂ ಕಾಗದ ಹೋಗಿತ್ತು. ಮಕ್ಕಳು ಕ್ಲಾಸಿನ ಕಿಟಕಿಯ ಹಿಂದೆ ಗುಂಪಾಗಿ ನಿಂತಿದ್ದರು.

"ಮೊದಲು ಮಕ್ಕಳನ್ನ ಕೇಳೋಣ," ಎಂದರು ಸಾಹೇಬರು, ಕಂಬದ ಪಕ್ಕ ನಿಂತಿದ್ದ ಅಂಜಿನಪ್ಪನ ಕಡೆ ನೋಡಿ. "ನಿಮ್ಮ ಮಗಳೂ ಇದೇ ಕ್ಲಾಸಂತೆ. ಅವಳಿಂದಲೇ ಶುರು ಮಾಡೋಣ."

ಪುಟ್ಟತಾಯಿಯ ಉಗುರು ತಾಯಿಯ ಅಂಗೈಗೆ ಚುಚ್ಚಿತು.

ಅಂಜಿನಪ್ಪ ಎರಡು ಹೆಜ್ಜೆ ಮುಂದೆ ಬಂದು ನೆಟ್ಟಗೆ ನಿಂತ. "ಅವಳನ್ನ ಕೇಳ್ಬೇಡಿ ಸಾರ್. ನಾನೇ ಹೇಳ್ತೀನಿ. ಹುಡುಗನಿಗೆ ಮೂರು ದಿನದಿಂದ ಜ್ವರ ಇತ್ತು. ಬರದಿದ್ರೆ ಹತ್ತು ಸುತ್ತು ಓಡಿಸ್ತೀನಿ ಅಂತ ಹೆದರಿ ಬಂದ. ನಂಗೆ ಹೇಳೋ ಧೈರ್ಯ ಇಲ್ದೆ ನನ್ನ ಮಗಳ ಕೈಲಿ ಹೇಳಿ ಕಳಿಸ್ದ. ಅವಳು ನನ್ನ ಮುಂದೆ ಬಂದು ನಿಂತು, ಹೇಳೋಕೆ ಹೆದರಿ, ವಾಪಸ್ ಹೋದ್ಲು. ಹೆತ್ತ ಮಗಳೇ ಹೆದರಿದಾಗ ಬೇರೆ ಮಕ್ಕಳು ಹೇಗೆ ಹೇಳ್ತಾವೆ? ತಪ್ಪು ನಂದು. ಬರ್ಕೊಳ್ಳಿ."

ಅನಂತರಾಮಯ್ಯನವರು ನಶ್ಯದ ಡಬ್ಬಿ ತೆರೆದು, ಏರಿಸದೆಯೇ ಮುಚ್ಚಿದರು. ಸಾಹೇಬರು ಪೆನ್ನು ಹಿಡಿದವರು ಬರೆಯಲಿಲ್ಲ. ಚೌಡಪ್ಪನ ಕಡೆ ತಿರುಗಿದರು.

"ನೀನು ಏನು ಹೇಳ್ತೀಯಪ್ಪ?"

"ನನ್ನ ಮಗ ಬದುಕ್ದ ಸ್ವಾಮಿ. ಇವರ ಅನ್ನ ಕಿತ್ಕೊಂಡು ನಾನೇ ಉಣ್ತೀನಾ? ಆದ್ರೆ ಆ ಚೀಲ ಸುಡ್ಸಿ. ಮತ್ತೆ ನನ್ನ ಮಗ ಈ ಮೇಷ್ಟ್ರ ಕ್ಲಾಸಿಗೆ ಬರಾಕಿಲ್ಲ. ಕನಸಲ್ಲೂ ಓಡ್ತಾನೆ ಅವನು."

ಅದು ಎದೆಗೆ ನಾಟಿತೆಂಬುದು ಗಂಡನ ಕತ್ತಿನ ನರ ನೋಡಿದರೇ ರಂಗಲಕ್ಷ್ಮಮ್ಮನಿಗೆ ತಿಳಿಯಿತು. ಆಗ ಪರಮಶಿವಯ್ಯ ಗಂಟಲು ಸರಿಮಾಡಿಕೊಂಡ.

"ಸಾರ್, ತಪ್ಪಲ್ಲಿ ನಂದೂ ಪಾಲಿದೆ. ನಮ್ಮ ಕೈಗೆ ಬಂದೂಕು ಕೊಡೋ ಮುಂಚೆ ತಿಂಗಳುಗಟ್ಟಲೆ ಕಲಿಸ್ತಾರೆ. ಇವನ ಕೈಗೆ ನಲವತ್ತು ಮಕ್ಕಳನ್ನ ಕೊಟ್ವಿ, ಒಂದು ದಿನ ಕಲಿಸಲಿಲ್ಲ. ಅವನಿಗೆ ಗೊತ್ತಿದ್ದದ್ದನ್ನ ಅವನು ಮಾಡ್ದ. ತುಮಕೂರಿನ ಟ್ರೈನಿಂಗಿಗೆ ಕಳಿಸಿ. ಅಲ್ಲಿ ಪಾಸಾಗದಿದ್ರೆ ನಾನೇ ಬಂದು ಆರ್ಡರು ವಾಪಸ್ ತಗೊಂಡು ಹೋಗ್ತೀನಿ."

ಸಾಹೇಬರು ಬಹಳ ಹೊತ್ತು ಬರೆದರು. ಅಂಜಿನಪ್ಪನನ್ನು ಸಂಪಿಗೆಕಟ್ಟೆಯಿಂದ ತೆಗೆದರು. ಜುಲೈಯಿಂದ ಒಂದು ವರ್ಷ ತುಮಕೂರಿನಲ್ಲಿ ಮೇಷ್ಟ್ರ ಟ್ರೈನಿಂಗು. ಪಾಸಾದರೆ ಬೇರೆ ಊರಲ್ಲಿ ಶಾಲೆ, ಇಲ್ಲದಿದ್ದರೆ ಇಲ್ಲ. ಚೀಲವನ್ನು ಅನಂತರಾಮಯ್ಯನವರೇ ಶಾಲೆಯ ಹಿಂದೆ ಸುಡಿಸಿದರು.

ಅಂಜಿನಪ್ಪ ತುಮಕೂರಿನ ಪಕ್ಕದ ಮರಳೂರಿನಲ್ಲಿ ಒಂದು ಕೋಣೆ ಹಿಡಿದು, ತನ್ನ ಅರ್ಧ ವಯಸ್ಸಿನ ಹುಡುಗರ ಜೊತೆ ಬೆಂಚಿನ ಮೇಲೆ ಕೂತ. ಶನಿವಾರ ಸಂಜೆ ಬಸ್ಸಿಗೆ ಬರುವುದು, ಸೋಮವಾರ ಬೆಳಿಗ್ಗೆ ಹೋಗುವುದು. ಮೊದಲ ವಾರ ಬಂದವನು ಊಟಕ್ಕೆ ಕೂತು, "ನಾನು ಪಾಠ ಮಾಡ್ದೆ. ಹಿಂದೆ ಕೂತು ನೋಡ್ದೋರು, ನೀವು ಮಕ್ಕಳನ್ನ ಪ್ರಶ್ನೆ ಕೇಳ್ತೀರಿ, ಉತ್ತರ ಬರೋ ತನಕ ಕಾಯಲ್ಲ ಅಂದ್ರು," ಎಂದ.

"ಕಾಯೋದು ಕಷ್ಟಾನೇನ್ಲಾ?" ಎಂದು ಕಾಳಯ್ಯ ಕೇಳಿದ.

"ಬಲು ಕಷ್ಟ ಅಪ್ಪ."

ರಂಗಲಕ್ಷ್ಮಮ್ಮನ ಹೆದರಿಕೆ ಹೋಗಿತ್ತೆಂದು ಹೇಳಿದರೆ ಸುಳ್ಳಾದೀತು. ಶನಿವಾರ ಬಸ್ಸಿನ ಹಾರ್ನು ಕೇಳಿದರೆ ಈಗಲೂ ಅವಳ ಕೈ ಬೇಗ ಬೇಗ ಓಡುತ್ತಿತ್ತು, ಪುಟ್ಟತಾಯಿ ಈಗಲೂ ಚೆಲ್ಲಿದ ಸಾಮಾನು ಎತ್ತಿಡುತ್ತಿದ್ದಳು. ಅವನು ಮಾತ್ರ ಮಗಳನ್ನು ಏನಾದರೂ ಕೇಳಿದರೆ, ಕೇಳಿ ಸುಮ್ಮನೆ ಕೂರುತ್ತಿದ್ದ. ಅವಳು ಉತ್ತರ ಕೊಡದೆ ಎದ್ದು ಹೋದರೂ ಕೂಗಿ ಕರೆಯುತ್ತಿರಲಿಲ್ಲ. ಜುಲೈ ಹಾಗೇ ಹೋಯಿತು, ಆಗಸ್ಟಿನಲ್ಲಿ ಎರಡು ಶನಿವಾರವೂ ಹೋದವು. ಆಗುವುದಲ್ಲ ಹೋಗುವುದಲ್ಲ ಎಂದು ರಂಗಲಕ್ಷ್ಮಮ್ಮ ಮನಸ್ಸಿನಲ್ಲೇ ಅಂದುಕೊಂಡಳು.

ಮೂರನೇ ಶನಿವಾರ ಎಲ್ಲರೂ ಊಟಕ್ಕೆ ಕೂತಿದ್ದರು. ಉಪ್ಪುಸಾರು, ಮುದ್ದೆ. ಪುಟ್ಟತಾಯಿ ಮುದ್ದೆ ಮುರಿಯಲೇ ಇಲ್ಲ. ರಂಗಲಕ್ಷ್ಮಮ್ಮ ಕಣ್ಣಲ್ಲೇ ಉಣ್ಣು ಎಂದು ಸನ್ನೆ ಮಾಡಿದಳು. ತಟ್ಟೆಯಲ್ಲಿ ಬಿಟ್ಟರೆ ಅಂಜಿನಪ್ಪನಿಗೆ ಆಗುತ್ತಿರಲಿಲ್ಲ.

"ಯಾಕವ್ವ, ಉಣ್ಣಲ್ವಾ?" ಎಂದು ಅವನು ಕೇಳಿದ. ಕೇಳಿ ಕಾದ.

ಕಾಳಯ್ಯನ ಕೈ ಬಾಯಿಯ ಹತ್ತಿರ ನಿಂತಿತು. ರಂಗಲಕ್ಷ್ಮಮ್ಮ ಮಗಳ ಪರವಾಗಿ ಏನಾದರೂ ಹೇಳಿಬಿಡೋಣವೆಂದು ಬಾಯಿ ತೆರೆದಳು, ಅವನು ಕೈ ಸನ್ನೆಯಿಂದ ಬೇಡವೆಂದ. ಹುಡುಗಿ ತಟ್ಟೆಯನ್ನೇ ನೋಡುತ್ತಿದ್ದಳು. ಒಲೆಯ ಮೇಲೆ ಸಾರು ಕುದಿದು ಉಕ್ಕಿತು. ಯಾರೂ ಏಳಲಿಲ್ಲ.

"ಅಪ್ಪ, ನಂಗೆ ಹೊಟ್ಟೆ ನೋಯ್ತೈತೆ."

"ಯಾವಾಗಿಂದ?"

"ಬೆಳಿಗ್ಗೆಯಿಂದ."

"ಬೆಳಿಗ್ಗೆಯಿಂದಾ?" ರಂಗಲಕ್ಷ್ಮಮ್ಮ ಗಾಬರಿಯಾದಳು. "ನಂಗ್ಯಾಕೆ ಹೇಳ್ಲಿಲ್ವೇ?"

ಪುಟ್ಟತಾಯಿ ತಲೆ ಎತ್ತಿ ಅಪ್ಪನ ಮುಖ ನೋಡಿದಳು.

"ಅಪ್ಪ ಬಸ್ಸಿಳಿದು ಬರ್ಲಿ, ಅಪ್ಪಂಗೇ ಹೇಳಾನ ಅಂತ ಕಾಯ್ತಿದ್ದೆ."

ಅಂಜಿನಪ್ಪ ಎದ್ದು ಕೈ ತೊಳೆಯಲು ಹೋದವನು ಬಚ್ಚಲಲ್ಲಿ ಬಹಳ ಹೊತ್ತು ನಿಂತ. ರಂಗಲಕ್ಷ್ಮಮ್ಮ ಉಕ್ಕುತ್ತಿದ್ದ ಸಾರನ್ನು ಇಳಿಸಿ, ಓಮ ಕುದಿಸಲು ನೀರಿಟ್ಟಳು.